ಕದ್ದ ಕಳ್ಳಿ

ಮಾನ್ವಿಯಲ್ಲಿ, ರಾಯಚೂರಿಗೆ ಹೋಗುವ ರಸ್ತೆಯ ಮಗ್ಗುಲಿಗೆ ಮೌನೇಶ್ವರಿ ಒಂದು ನರ್ಸರಿ ಇಟ್ಟಿದ್ದಳು. ಬೋರ್ಡನ್ನೂ ತಾನೇ ಬರೆದಿದ್ದಳು: 'ಇಲ್ಲಿ ಎಲ್ಲ ಜಾತಿಯ ಕಳ್ಳಿ ಸಿಗುತ್ತದೆ.' ಮಂಗಳವಾರ ಬೆಳಿಗ್ಗೆ ಗೇಟು ತೆರೆಯಲು ಬಂದು ನೋಡಿದರೆ ಯಾವನೋ ಇದ್ದಿಲಿನಿಂದ ಕೊನೆಯ ಪದ ಹೊಡೆದುಹಾಕಿ 'ಸಿಗುತ್ತಾಳೆ' ಎಂದು ತಿದ್ದಿ ಹೋಗಿದ್ದ. ಮುಳ್ಳಿನ ಗಿಡಕ್ಕೂ ಕದಿಯುವ ಹೆಂಗಸಿಗೂ ಕನ್ನಡದಲ್ಲಿ ಒಂದೇ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಆ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದರೆ ಮೌನೇಶ್ವರಿ ಅವನನ್ನು ಡಬ್ಬಗಳ್ಳಿಯ ಮೆಳೆಯೊಳಗೆ ಕೂರಿಸುತ್ತಿದ್ದಳು.

ಪಕ್ಕದ ಹೊಲಿಗೆ ಅಂಗಡಿಯ ಹುಮೇರಾ ಒದ್ದೆ ಬಟ್ಟೆ ಹಿಡಿದು ಓಡಿಬಂದಳು.

"ನಾ ಅಂಗಡಿ ತೆಗಿಯೋದ್ರಾಗ ಬರ್ದು ಹೋಗ್ಯಾರ ನೋಡವಾ. ತಡಿ, ಒರಸ್ತೀನಿ."

"ಒರಸಬ್ಯಾಡ. ಬರ್ದಾಂವನ ಬಂದು ಒರಸ್ಲಿ."

"ಬರ್ದಾಂವ ಮಾನ್ವ್ಯಾಗ ಅದಾನ. ಬರಸ್ದಾಕಿ ರಾಯಚೂರಾಗ ಅದಾಳಲ್ಲ, ಆಕಿ ಬರ್ತಾಳೇನು ಒರಸಾಕ?" ಎಂದಳು ಹುಮೇರಾ.

ಬರೆಸಿದವಳು ಎಂದರೆ ವೀರಭದ್ರಮ್ಮ. ರಾಯಚೂರಿನ ಅಕ್ಕಿ ಗಿರಣಿಯೊಂದರ ಯಜಮಾನಿ, ಅರುವತ್ತರ ಹತ್ತಿರದ ಹೆಂಗಸು, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಆಕೆ ಇದ್ದಿಲು ಹಿಡಿದು ಮಾನ್ವಿಯ ತನಕ ಬರಬೇಕಾಗಿರಲಿಲ್ಲ. ಮದುವೆ, ಕುಬಸ, ಗೃಹಪ್ರವೇಶ ಎಂದು ನಾಲ್ಕು ಹೆಂಗಸರು ಎಲ್ಲಿ ಕೂಡುತ್ತಾರೋ ಅಲ್ಲೆಲ್ಲ "ನಮ್ಮ ಮಾಲಿ ನನ್ನ ಕಳ್ಳಿ ಕದ್ದು ಮಾನ್ವ್ಯಾಗ ಅಂಗಡಿ ಇಟ್ಟಾಳ" ಎಂದು ಹೇಳುತ್ತ ಬಂದರೆ ಸಾಕಿತ್ತು. ಮಾತು ತಾನೇ ಬಸ್ಸು ಹತ್ತಿ ಬಂತು.

ಮಾನ್ವಿಗೆ ಮಾತ್ರ ಬಂದಿದ್ದರೆ ಮೌನೇಶ್ವರಿ ನುಂಗಿಕೊಳ್ಳುತ್ತಿದ್ದಳು. ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಆದರೆ ಆ ಮಾತು ದೇವದುರ್ಗಕ್ಕೂ ಹೋಗಿತ್ತು. ದೇವದುರ್ಗದಲ್ಲಿ ಹೊಸದಾಗಿ ಎದ್ದ ಒಂದು ಖಾಸಗಿ ಕಾಲೇಜು ತನ್ನ ಮುಂದಿನ ಬಯಲಿನಲ್ಲಿ ಕಳ್ಳಿಯ ತೋಟ ಮಾಡಿಕೊಡುವ ಕೆಲಸವನ್ನು ಅವಳಿಗೆ ಒಪ್ಪಿಸಿತ್ತು. ಮರುಭೂಮಿಯ ಕಳ್ಳಿ ಒಂದು ಕಡೆ, ಬೆಟ್ಟದ್ದು ಇನ್ನೊಂದು ಕಡೆ, ಕಾಡಿನದು ಚಪ್ಪರದ ಕೆಳಗೆ. ಬಾಗಿಲಲ್ಲಿ ಒಂದು ಕಲ್ಲು, ಕಲ್ಲಿನ ಮೇಲೆ 'ತೋಟ ರೂಪಿಸಿದವರು: ಮೌನೇಶ್ವರಿ, ಬಿ.ಎಸ್ಸಿ.' ಆ ಕಲ್ಲಿನ ನಮೂನೆಯನ್ನು ಮೊಬೈಲಿನಲ್ಲಿ ನೋಡಿದ ಅವಳ ತಾಯಿ ಗೋಪಮ್ಮ, ಜೀವಮಾನವೆಲ್ಲ ಮಂದಿಯ ಹೊಲದಲ್ಲಿ ಹತ್ತಿ ಬಿಡಿಸಿದವಳು, ಓದು ಬಾರದಿದ್ದರೂ ಆ ಅಕ್ಷರಗಳ ಮೇಲೆ ಬೆರಳಾಡಿಸಿ "ಇದು ಅಳಸೋದಿಲ್ಲೇನಬೇ?" ಎಂದು ಎರಡು ಸಲ ಕೇಳಿದ್ದಳು. ಮೌನೇಶ್ವರಿಗೆ ಬೇಕಾಗಿದ್ದದ್ದು ಆ ಕಲ್ಲು. ಉಳಿದದ್ದೆಲ್ಲ ಆಮೇಲೆ.

ಅದೇ ಮಂಗಳವಾರ ಮಧ್ಯಾಹ್ನ ಕಾಲೇಜಿನ ಕಾರ್ಯದರ್ಶಿ ಅಂಬರೀಶ ಫೋನು ಮಾಡಿದ. ಅವನು ವೀರಭದ್ರಮ್ಮನ ಅಣ್ಣನ ಮಗ.

"ನೋಡಮ್ಮ, ನನ್ನ ಮನಸಿನ್ಯಾಗ ಏನೂ ಇಲ್ಲ. ಆದ್ರ ನಮ್ಮತ್ತಿ ಹಿಂಗ ಮಾತಾಡಾಕತ್ತಾಳ. ಕದ್ದ ಮಾಲು ತಂದು ಕಾಲೇಜಿನ್ಯಾಗ ನೆಟ್ಟಾರ ಅಂದ್ರ ಮಂದಿ ನನ್ನ ಮಾರಿಗೆ ಉಗಳ್ತಾರ. ಸೋಮವಾರ ಕಮಿಟಿ ಕೂಡ್ತದ. ಗುರುವಾರ ಇಲ್ಲಿಗೆ ಬಾ, ಅತ್ತೀನೂ ಕರಸ್ತೀನಿ. ಆಕಿ ಬಾಯಿಂದ 'ಕದ್ದಿಲ್ಲ' ಅಂತ ಬಂದ್ರ ಸಾಕು, ಕೆಲಸ ನಿಂದ. ಬರಲಿಲ್ಲಂದ್ರ ಹೈದರಾಬಾದಿನವ್ರಿಗೆ ಕೊಡ್ತಾರ."

ಹಲ್ಲಿಗೆ ಹಲ್ಲು ಕಚ್ಚಿ "ಬರ್ತೀನ್ರಿ" ಎಂದಳು ಮೌನೇಶ್ವರಿ.

ಆರು ವರ್ಷ ಅವಳು ಆ ಮನೆಯ ಮಾಳಿಗೆಯ ಮೇಲೆ ದುಡಿದಿದ್ದಳು. ಸಸ್ಯಶಾಸ್ತ್ರದ ಪದವಿ ಕೈಯಲ್ಲಿತ್ತು, ನೌಕರಿ ಇರಲಿಲ್ಲ. ವೀರಭದ್ರಮ್ಮನಿಗೆ ಕಳ್ಳಿಯ ಹುಚ್ಚು. ದೂರದೂರದಿಂದ ತರಿಸಿದ ಇನ್ನೂರು ಕುಂಡ, ನೋಡಿಕೊಳ್ಳಲು ಗೊತ್ತಿದ್ದವರು ಯಾರೂ ಇಲ್ಲ. ವಾರಕ್ಕೆ ಮೂರು ದಿನ ಮಾನ್ವಿಯಿಂದ ಬಸ್ಸಿನಲ್ಲಿ ಹೋಗಿ, ಮನೆಯ ಹಿಂದಿನ ಕಬ್ಬಿಣದ ಏಣಿಮೆಟ್ಟಿಲು ಹತ್ತಿ, ಸಂಜೆ ಅದೇ ಮೆಟ್ಟಿಲಿನಿಂದ ಇಳಿಯುತ್ತಿದ್ದಳು. ಮನೆಯ ಒಳಗಿನಿಂದಲೂ ಮಾಳಿಗೆಗೆ ಕಲ್ಲಿನ ಮೆಟ್ಟಿಲಿದ್ದವು. ಅವನ್ನು ಅವಳು ಮೇಲಿನಿಂದ ಬಗ್ಗಿ ನೋಡಿದ್ದುಂಟು, ತುಳಿದಿದ್ದಿಲ್ಲ. ಅವಳ ನೀರಿನ ಲೋಟ ಬೇರೆ ಇತ್ತು, ಮಾಳಿಗೆಯ ಕಟ್ಟೆಯ ಮೇಲೆ ಬಿಸಿಲಿಗೆ ಕಾಯುತ್ತ ಕೂತಿರುತ್ತಿತ್ತು. ವೀರಭದ್ರಮ್ಮ ಅವಳನ್ನು ಹೆಸರಿನಿಂದ ಕರೆದದ್ದಿಲ್ಲ. "ಮಾಲೀ" ಅಂದರೆ ಅವಳು.

ಕಳ್ಳಿಗೆ ನೀರೇ ಬೇಡ ಎಂದು ಎಲ್ಲರೂ ತಿಳಿದಿರುತ್ತಾರೆ. ಅದು ಅರ್ಧ ಸತ್ಯ, ಅರ್ಧ ಸತ್ಯ ಗಿಡವನ್ನು ಪೂರ್ತಿ ಕೊಲ್ಲುತ್ತದೆ. ಮರುಭೂಮಿಯ ಗುಂಡುಕಳ್ಳಿಗೆ ಬಿಸಿಲು ಬೇಕು, ನೀರು ಕೊಟ್ಟರೆ ಒಂದು ಸಲ ಬುಡ ತುಂಬ ಕೊಟ್ಟು, ಮಣ್ಣು ಪೂರ್ತಿ ಒಣಗುವ ತನಕ ಮರೆತುಬಿಡಬೇಕು. ತಣ್ಣಗಿನ ಬೆಟ್ಟದಿಂದ ಬಂದ ಬಿಳಿ ಕೂದಲಿನ ಕಳ್ಳಿ ರಾಯಚೂರಿನ ಮೇ ತಿಂಗಳಿನಲ್ಲಿ ಬೆಂದು ಹೋಗುತ್ತದೆ, ಅದಕ್ಕೆ ಪರದೆ ಕಟ್ಟಿ ಗಾಳಿಯಾಡಲು ಬಿಡಬೇಕು. ಇನ್ನು ಕಾಡಿನ ಮರದ ಕೊಂಬೆಗೆ ಅಂಟಿ ಬೆಳೆಯುವ ಕಳ್ಳಿಗಳಿವೆ, ಅವಕ್ಕೆ ನೆರಳು, ಕೊಳೆತ ಎಲೆ, ಎರಡು ದಿನಕ್ಕೊಮ್ಮೆ ತೇವ ಇಲ್ಲದೆ ನಡೆಯದು. ಮನೆಮನೆಯಲ್ಲಿ ಬ್ರಹ್ಮಕಮಲ ಎಂದು ಆರತಿ ಎತ್ತುತ್ತಾರಲ್ಲ, ಅದೂ ಇದೇ ಕಾಡುಕಳ್ಳಿಯೇ. ಮತ್ತೆ ನಮ್ಮ ಎರೆಮಣ್ಣು ಇವುಗಳಲ್ಲಿ ಒಂದಕ್ಕೂ ಆಗದು, ನೀರು ಹಿಡಿದು ಕೂತು ಬೇರನ್ನು ಕೊಳೆಸುತ್ತದೆ. ಮೌನೇಶ್ವರಿ ಗಿರಣಿಯ ಹಿಂದೆ ಗುಡ್ಡೆ ಬಿದ್ದಿದ್ದ ಹೊಟ್ಟಿನ ಬೂದಿ, ಇಟ್ಟಿಗೆಯ ಚೂರು, ಹೊಳೆಯ ದಪ್ಪ ಮರಳು ಬೆರೆಸಿ ಬೇರೆಯದೇ ಮಣ್ಣು ಮಾಡಿಕೊಂಡಳು. ಆ ಮಣ್ಣಿನಲ್ಲಿ ಮಾಳಿಗೆ ಹೂ ಬಿಟ್ಟಿತು. ವೀರಭದ್ರಮ್ಮ ಬೀಗರನ್ನು ಕರೆತಂದು ತೋರಿಸಿ "ನನ್ನ ಕೈಗುಣ" ಎನ್ನುತ್ತಿದ್ದಳು.

ಚೆನ್ನಾಗಿ ಬೆಳೆದ ಕಳ್ಳಿ ಬುಡದಲ್ಲಿ ಮರಿ ಹಾಕುತ್ತದೆ. ವೀರಭದ್ರಮ್ಮನಿಗೆ ಮರಿಗಳು ಬೇಡ.

"ತಾಯಿ ಮೈ ಚಂದ ಕೆಡಸ್ತಾವ. ಕಿತ್ತಿ ಕಸದ ಬುಟ್ಟಿಗೆ ಹಾಕು."

"ನಾ ಒಯ್ಲೇನ್ರಿ ಅಮ್ಮಾರ?" ಎಂದು ಕೇಳಿದ್ದಳು ಮೌನೇಶ್ವರಿ.

"ಕಸಾ ಒಯ್ಯಾಕೂ ಅಪ್ಪಣಿ ಬೇಕೇನ್ಬೇ ನಿನಗ? ಒಯ್ಯಿ."

ಪ್ರತಿ ಸಲ ಕೇಳಿದಳು, ಪ್ರತಿ ಸಲ ಹೀಗೇ ಉತ್ತರ ಬಂತು. ಕೇಳಿಸಿಕೊಂಡವರು ಯಾರೂ ಇರಲಿಲ್ಲ, ಸಾಕ್ಷಿ ಬೇಕಾದೀತು ಎಂದು ಅವಳಿಗಾದರೂ ಏನು ಗೊತ್ತು? ಹಳೆ ಪತ್ರಿಕೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದ ಆ ಮರಿಗಳೇ ಮಾನ್ವಿಯ ನರ್ಸರಿ ಆದವು.

ಹೋದ ಶ್ರಾವಣದಲ್ಲಿ ಸಂಬಂಧ ಮುರಿಯಿತು. ದೊಡ್ಡ ಗುಂಡುಕಳ್ಳಿಯೊಂದು ಲಿಂಗದ ಹಾಗೆ ಕಾಣುತ್ತದೆ ಎಂದು ಯಾರೋ ಅಂದರು. ವೀರಭದ್ರಮ್ಮ ಅದಕ್ಕೆ ವಿಭೂತಿ ಹಚ್ಚಿ, ದಿನಾ ಬೆಳಿಗ್ಗೆ ಪೂಜೆಯ ಹಾಲು-ನೀರು ಎರೆಯತೊಡಗಿದಳು. ಒಂದಕ್ಕೆ ಎರೆದು ಉಳಿದವಕ್ಕೆ ಬಿಡುವುದು ಹೇಗೆಂದು ಎಲ್ಲವಕ್ಕೂ ಒಂದೊಂದು ಚೊಂಬು. ಬ್ರಹ್ಮಕಮಲ ದೇವರ ಹೂವು, ಮೂಲೆಯ ನೆರಳಿನಲ್ಲಿ ಏಕಿರಬೇಕು ಎಂದು ಅದನ್ನು ನಡುಮಾಳಿಗೆಯ ಬಿಸಿಲಿಗೆ ತಂದಿಟ್ಟಳು. ಮೇಲೆ ಮಳೆಗಾಲ ಬೇರೆ.

"ಇವು ಕೊಳೀತಾವ್ರಿ ಅಮ್ಮಾರ. ಅದು ಸುಡ್ತದ. ಒಂದಕ್ಕ ಬೇಕಾಗಿದ್ದು ಇನ್ನೊಂದಕ್ಕ ವಿಷ ಆಗ್ತದ್ರಿ."

"ದೇವರಿಗೆ ಎರದ ನೀರಿಗೆ ಕೊಳೀತದ ಅಂತೀಯಲ್ಲ! ನಿಮಗೇನು ತಿಳೀತದ ದೇವರು?"

ಆರು ವರ್ಷ 'ನೀ' ಎಂದವಳ ಬಾಯಲ್ಲಿ ಅವತ್ತು ಮೊದಲ ಸಲ 'ನಿಮಗೆ' ಬಂತು. ಅದು ಮರ್ಯಾದೆಯ ಬಹುವಚನವಲ್ಲ. ಅದರೊಳಗೆ ಮೌನೇಶ್ವರಿಯ ತಾಯಿ, ಅಜ್ಜಿ, ಓಣಿ, ಕುಲ ಎಲ್ಲವೂ ಸೇರಿದ್ದವು. ಮೌನೇಶ್ವರಿ ಕೈಯಲ್ಲಿದ್ದ ಸನಿಕೆ ಇಟ್ಟು ಕಬ್ಬಿಣದ ಮೆಟ್ಟಿಲು ಇಳಿದಳು, ಮತ್ತೆ ಹತ್ತಲಿಲ್ಲ. ದೀಪಾವಳಿಯ ಹೊತ್ತಿಗೆ ಮಾಳಿಗೆಯ ಇನ್ನೂರು ಕುಂಡದಲ್ಲಿ ಒಂದು ಗಿಡವೂ ಉಳಿದಿರಲಿಲ್ಲ.

ಗುರುವಾರ ಅವಳು ಸಿರವಾರದ ಮೇಲೆ ಹಾಯುವ ಬಸ್ಸಿನಲ್ಲಿ ದೇವದುರ್ಗಕ್ಕೆ ಹೋದಳು. ಕಾಲೇಜಿನ ಆಫೀಸಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ವೀರಭದ್ರಮ್ಮ ಕೂತಿದ್ದಳು. ಅಂಬರೀಶ ಇಬ್ಬರ ಮುಖವನ್ನೂ ನೋಡದೆ ಪೇಪರ್‌ವೇಟ್ ತಿರುಗಿಸುತ್ತಿದ್ದ.

"ಅಮ್ಮಾರ, ನಾ ಕೇಳಿ ಒಯ್ದೀನೋ ಇಲ್ಲೋ, ನೀವ ಹೇಳ್ರಿ," ಎಂದಳು ಮೌನೇಶ್ವರಿ.

"ಏನ್ ಕೇಳಿದಿ? ಯಾವಾಗ ಕೇಳಿದಿ? ನನಗೇನೂ ನೆನಪಿಲ್ಲ." ವೀರಭದ್ರಮ್ಮ ಅಣ್ಣನ ಮಗನ ಕಡೆ ತಿರುಗಿದಳು. "ನೋಡೋ ಅಂಬರೀಶ, ಶಾಣ್ಯಾ ಇದ್ದೀ, ನೀನ ಯೋಚನಿ ಮಾಡು. ಕೊಟ್ಟ ಗಿಡ ಬದುಕಂಗಿಲ್ಲ, ಕದ್ದ ಗಿಡ ಸಾಯಂಗಿಲ್ಲ. ಹೌದೋ ಇಲ್ಲೋ? ಮನಿಪ್ಲಾಂಟ್ ಆದ್ರೂ ಮಂದಿ ಕದ್ದ ತರ್ತಾರ. ನನ್ನ ಮನ್ಯಾಗ ತಾಯಿಗಿಡ ಸತ್ತಾವ, ಈಕಿ ಅಂಗಡ್ಯಾಗ ಮರಿ ಹ್ಯಾಂಗ ಉಬ್ಬ್ಯಾವ ಹೋಗಿ ನೋಡು. ಕದೀದ ಇದ್ರ ಹಂಗ ಬೆಳೀತಿದ್ದುವೇನು?"

ಬೇರೆ ಊರಿನ ಕಚೇರಿಯಲ್ಲಿ ಈ ಮಾತಿಗೆ ನಗುತ್ತಿದ್ದರೋ ಏನೋ. ಇಲ್ಲಿ ಯಾರೂ ನಗಲಿಲ್ಲ. ಚಹಾ ತಂದ ಪರಮಣ್ಣ ಎಂಬ ಜವಾನ ಕೂಡ "ಅದು ಖರೆ ನೋಡ್ರಿ" ಎಂದು ತಲೆಯಾಡಿಸಿದ. ಗಿಡ ಚೆನ್ನಾಗಿ ಬೆಳೆಸಿದ್ದೇ ಕಳವಿನ ಸಾಕ್ಷಿ! ಮೌನೇಶ್ವರಿಗೆ ನೆತ್ತಿಗೇರಿತು.

"ನಿಮ್ಮ ಗಿಡ ಯಾರೂ ಕದ್ದಿಲ್ಲ, ನೀವ ಕೊಂದೀರಿ. ದೇವರ ಹೆಸರು ಹೇಳಿ ನೀರು ಹಾಕಿ ಕೊಂದೀರಿ."

"ಕೇಳಿದೇನೋ?" ವೀರಭದ್ರಮ್ಮ ಎದ್ದು ನಿಂತಳು. "ಪೂಜಿ ಮಾಡಿ ಕೊಂದೆನಂತ! ಇಂಥಾಕಿ ಹೆಸರು ಕಲ್ಲಿನ್ಯಾಗ ಕೆತ್ತಸ್ತೀಯಾ ನೀನು?"

ಅಂಬರೀಶ ಪೇಪರ್‌ವೇಟ್ ನಿಲ್ಲಿಸಿದ. "ಹಿರ್ಯಾರ ಮುಂದ ಹಿಂಗ ಮಾತಾಡಬಾರದಮ್ಮ. ಸೋಮವಾರದ ತನಕ ಟೈಮ್ ಅದ. ಅತ್ತಿ ಬಾಯಿಂದ ಬರಬೇಕು, ಅಷ್ಟ."

ಬಸ್ಸಿನಲ್ಲಿ ಮರಳುವಾಗ ಮೌನೇಶ್ವರಿ ಅಳಲಿಲ್ಲ. ಅಳು ಬಂದಿತ್ತು, ಆದರೆ ಪಕ್ಕದ ಸೀಟಿನವಳು ಏನಾಯಿತೆಂದು ಕೇಳಿದರೆ 'ಕಳ್ಳಿ' ಎಂಬ ಪದವನ್ನು ತನ್ನ ಬಾಯಿಂದಲೇ ಹೇಳಬೇಕಾಗುತ್ತಿತ್ತು. ಕಲ್ಲು ಕೈತಪ್ಪಿತು ಎಂದುಕೊಂಡಳು. ಆ ಹೆಂಗಸಿನ ಬಾಯಿಂದ ಒಳ್ಳೆಯ ಮಾತು ಬರಿಸುವುದಕ್ಕಿಂತ ಎರೆಮಣ್ಣಿನಲ್ಲಿ ಗುಂಡುಕಳ್ಳಿ ಬೆಳೆಸುವುದು ಸಸಾರ.

ಶನಿವಾರ ಹನ್ನೊಂದರ ಬಿಸಿಲಿನಲ್ಲಿ ಬಿಳಿ ಕಾರೊಂದು ನರ್ಸರಿಯ ಮುಂದೆ ನಿಂತಿತು. ಇಳಕಲ್ ಸೀರೆ ಉಟ್ಟು, ಸೆರಗನ್ನು ಮೈತುಂಬ ಹೊದ್ದ ವೀರಭದ್ರಮ್ಮ ಇಳಿದಳು. ಮಾನ್ವಿಯಲ್ಲಿ ಯಾರದೋ ನಿಶ್ಚಿತಾರ್ಥವಂತೆ, ದಾರಿಯಲ್ಲಿ ಒಂದು ಗಳಿಗೆ ನೋಡಿ ಹೋಗೋಣ ಅಂತ ಬಂದಳಂತೆ.

"ನನ್ನ ಗಿಡ ಹ್ಯಾಂಗ ಅದಾವ ನೋಡಾಕ ಬಂದೀನಿ," ಎಂದಳು.

"ನಿಮ್ಮವು ನಿಮ್ಮ ಮಾಳಗಿ ಮ್ಯಾಲ ಅದಾವಲ್ರಿ. ಖಾಲಿ ಕುಂಡದಾಗ."

ವೀರಭದ್ರಮ್ಮ ಗೇಟು ದಾಟಿ ಒಳಗೆ ಬಂದಳು. ಸಾಲುಗಳ ನಡುವೆ ನಿಧಾನ ನಡೆದಳು. ಬಂಗಾರದ ಮುಳ್ಳಿನ ಗುಂಡುಕಳ್ಳಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಬಿಳಿ ಕೂದಲಿನದನ್ನು ಬಗ್ಗಿ ನೋಡಿದಳು. ನೆರಳಿನ ಪರದೆಯ ಕೆಳಗೆ ಬ್ರಹ್ಮಕಮಲ ಮೊಗ್ಗು ಬಿಟ್ಟು ತೂಗುತ್ತಿತ್ತು, ಅದನ್ನು ನೋಡಿ ಬೇಗ ಮುಖ ತಿರುಗಿಸಿದಳು. ಕೊನೆಯ ಸಾಲಿನಲ್ಲಿ ಮೊಲದ ಕಿವಿಯಂತೆ ಚಪ್ಪಟೆ ಎಲೆಯಿರುವ ಪುಟ್ಟ ಕಳ್ಳಿ ಇತ್ತು. ಮೈಮೇಲೆ ಒಂದೂ ಮುಳ್ಳು ಕಾಣದು, ಬರೀ ಹಳದಿ ಮಖಮಲ್ಲಿನ ಚುಕ್ಕೆ. ಅದರ ಮುಂದೆ ನಿಂತು ವೀರಭದ್ರಮ್ಮ ಹಣೆ ಒರೆಸಿಕೊಂಡಳು.

"ಬಿಸಲು ಬಾಳ ಅದ. ಒಂದೀಟು ನೀರು ಕೊಡು."

ಮೌನೇಶ್ವರಿ ತನ್ನ ಕಿವಿಯನ್ನೇ ನಂಬಲಿಲ್ಲ. ಈ ಹೆಂಗಸು, ತನ್ನ ಲೋಟವನ್ನು ಆರು ವರ್ಷ ಬಿಸಿಲಿಗೆ ಕೂರಿಸಿದ ಈ ಹೆಂಗಸು, ತನ್ನ ಕೈಯ ನೀರು ಕೇಳುತ್ತಿದ್ದಾಳೆಯೇ? ಒಂದು ಕ್ಷಣ, ಒಂದೇ ಕ್ಷಣ, ಅವಳ ಮನಸ್ಸು ಮೆತ್ತಗಾಯಿತು. ರಾಜಿಗೆ ಬಂದಿರಬೇಕು ಎಂದುಕೊಂಡಳು. ಹುಮೇರಾಳ ಅಂಗಡಿಗೆ ಓಡಿ, ಫ್ರಿಜ್ಜಿನಲ್ಲಿದ್ದ ತಣ್ಣನೆ ನೀರನ್ನು ತೊಳೆದ ಲೋಟಕ್ಕೆ ಬಗ್ಗಿಸಿ ಹಿಡಿದುಕೊಂಡು ಬಂದಳು.

ಬಂದು ನೋಡಿದರೆ ವೀರಭದ್ರಮ್ಮ ಆಗಲೇ ಗೇಟಿನ ಹತ್ತಿರ ಇದ್ದಳು.

"ಬ್ಯಾಡ ಬಿಡು. ಹೊತ್ತಾತು."

ಮೌನೇಶ್ವರಿ ಕೊನೆಯ ಸಾಲಿನ ಕಡೆ ನೋಡಿದಳು. ಮೊಲಕ್ಕೆ ಒಂದು ಕಿವಿ ಇರಲಿಲ್ಲ. ಮುರಿದ ಜಾಗದಲ್ಲಿ ಹಸಿ ಗಾಯ ಒಸರುತ್ತಿತ್ತು.

ಅವಳಿಗೆ ನೀರಿನ ಗುಟ್ಟು ಆಗ ತಿಳಿಯಿತು. ಮೆತ್ತಗಾದ ಮನಸ್ಸಿಗೆ ಮೆಟ್ಟಿನಲ್ಲಿ ಹೊಡೆದಂತಾಯಿತು. ಕೂಗಾಡಬಹುದಿತ್ತು, ಕೂಗಾಡಲಿಲ್ಲ. ಲೋಟದ ನೀರನ್ನು ತಾನೇ ಗಟಗಟ ಕುಡಿದು, ಗೇಟಿಗೆ ಬೆನ್ನು ಕೊಟ್ಟು ನಿಂತಳು. ಆ ಗಿಡ ಅವಳಿಗೆ ಗೊತ್ತಿತ್ತು. ಮಖಮಲ್ಲಿನಂತೆ ಕಾಣುವ ಒಂದೊಂದು ಚುಕ್ಕೆಯಲ್ಲೂ ಕಣ್ಣಿಗೆ ಕಾಣದ ನೂರಾರು ಮುಳ್ಳುಗಳಿರುತ್ತವೆ, ಕೊಕ್ಕೆಯ ತುದಿಯವು. ದೊಡ್ಡ ಮುಳ್ಳಿನ ಕಳ್ಳಿ ದೂರದಿಂದಲೇ ಗದರಿಸುತ್ತದೆ. ಇದು ಗದರಿಸುವುದಿಲ್ಲ, ಮುಟ್ಟಿದ ಮೇಲೆ ಮಾತಾಡುತ್ತದೆ. ಹೆಚ್ಚೆಂದರೆ ಐದು ನಿಮಿಷ.

"ಎಲ್ಲಾ ನೋಡಿದ್ರೇನ್ರಿ?" ಎಂದು ಕೇಳಿದಳು, ಬಲು ವಿನಯದಿಂದ.

"ನೋಡಿದೆ. ದಾರಿ ಬಿಡು."

"ಒಂದು ಕಿವಿ ಕಾಣವಲ್ದು ನೋಡ್ರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ವೀರಭದ್ರಮ್ಮನ ಕೈ ಸೆರಗಿನೊಳಗೆ, ಸೊಂಟದ ಕಡೆ ಹೋಯಿತು. ಅಲ್ಲಿಗೆ ಮುಗಿಯಿತು. ಒತ್ತಿದ್ದೇ ತಡ, ಆಕೆ "ಯವ್ವಾ!" ಎಂದು ಕಿರುಚಿದಳು. ತುರಿಸಲು ಹೋದಳು, ತುರಿಸಿದ ಬೆರಳಿಗೂ ಹತ್ತಿತು. ಸೀರೆ ಕೊಡವಿದಳು, ಕೊಡವಿದ ಕೈಗೂ ಹತ್ತಿತು. ಹಳದಿ ಚುಕ್ಕೆಯ ಎಲೆ ಸೊಂಟದಿಂದ ಜಾರಿ ಮಣ್ಣಿಗೆ ಬಿತ್ತು. ಕಾರಿನ ಡ್ರೈವರು ಇಳಿದು ಬಂದ, ಗಂಡಸು, ಏನು ಮಾಡಬೇಕೋ ತಿಳಿಯದೆ ಅತ್ತ ತಿರುಗಿ ನಿಂತ.

ಕೂಗು ಕೇಳಿ ಹುಮೇರಾ ಬಂದಳು. ಒಂದು ಸಲ ಮಣ್ಣಿನ ಮೇಲಿನ ಎಲೆ ನೋಡಿದಳು, ಒಂದು ಸಲ ವೀರಭದ್ರಮ್ಮನನ್ನು ನೋಡಿದಳು. "ಯಾ ಅಲ್ಲಾ," ಎಂದಳು. "ಬೋರ್ಡ್ ಬರ್ದಾಂವ ಇವತ್ತು ಬರಬೇಕಿತ್ತು."

ಹೊಲಿಗೆ ಅಂಗಡಿಯ ಹಿಂದೆ ಹೆಂಗಸರ ಅಳತೆ ತೆಗೆಯುವ ಪುಟ್ಟ ಕೋಣೆಯಿತ್ತು. ಪರದೆ ಎಳೆದು ಅಲ್ಲಿ ವೀರಭದ್ರಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿದರು. ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು:

"ದವಾಖಾನಿಗೆ ಒಯ್ರಿ ನನ್ನ."

"ಒಯ್ತೀನ್ರಿ. ಅಲ್ಲಿ ಏನಾತು ಅಂತ ಕೇಳ್ತಾರ. ನೀವ ಹೇಳ್ರಿ."

ವೀರಭದ್ರಮ್ಮ ತಾನೇ ಸೆರಗು ಸರಿಸಿ ಸೊಂಟ ತೋರಿಸಿದಳು.

ಮೌನೇಶ್ವರಿ ಗಮ್‌ಟೇಪ್ ತಂದಳು. ಒಂದೊಂದೇ ತುಂಡು ಕತ್ತರಿಸಿ, ಆ ಬೆಳ್ಳನೆ ಸೊಂಟದ ಮೇಲೆ ಮೆತ್ತಿ, ಸರಕ್ಕನೆ ಎಳೆದಳು. ಪ್ರತಿ ತುಂಡಿಗೂ ಹಳದಿ ಧೂಳಿನಂತೆ ಮುಳ್ಳು ಅಂಟಿ ಬಂದವು. ನೋಯಿಸದೆ ಎಳೆಯುವ ಬಗೆಯೂ ಉಂಟು, ಅದು ಅವಳಿಗೆ ಗೊತ್ತಿತ್ತು, ಆ ಬಗೆಯಲ್ಲಿ ಎಳೆಯಲಿಲ್ಲ. ಉಳಿದವನ್ನು ಹುಮೇರಾ ಹುಬ್ಬು ತಿದ್ದುವ ಚಿಮಟದಿಂದ ಕೀಳಬೇಕಾಯಿತು. ಬಲಗೈ ಬೆರಳಿನ ಸಂದಿಯವನ್ನು, ಚಿಮಟ ಇಸಿದುಕೊಂಡು, ಮೌನೇಶ್ವರಿಯೇ ಕೀಳಲು ಕೂತಳು. ಆ ಕೈಯನ್ನು ಅವಳು ಹಿಂದೆಂದೂ ಮುಟ್ಟಿರಲಿಲ್ಲ. ಸಂಬಳವೂ ಕಟ್ಟೆಯ ಮೇಲೆ, ಲೋಟದ ಕೆಳಗೆ ಇರುತ್ತಿತ್ತು.

"ಯಾಕ ಕದ್ರಿ?" ಎಂದು ಕೇಳಿದಳು. "ಬೇಕಂದಿದ್ರ ಕೊಡ್ತಿದ್ದೆ."

ವೀರಭದ್ರಮ್ಮನ ದನಿಯಲ್ಲಿ ಈಗ ಜೋರು ಇರಲಿಲ್ಲ.

"ಒಂದಾದ್ರೂ ಬದುಕ್ಲಿ ಅಂತ. ಮಾಳಗಿ ಹತ್ತಿದ್ರ ಬರೇ ಕುಂಡ ಕಾಣ್ತಾವ. ಮ್ಯಾಲಿಂದ ಮ್ಯಾಲ ತಂದೆ, ಎಲ್ಲಾ ಸತ್ತುವು. ಕೇಳಿ ತಂದದ್ದು ಬದುಕಂಗಿಲ್ಲ ಅಂತಾರಲ್ಲ."

ಮೌನೇಶ್ವರಿ ಚಿಮಟ ನಿಲ್ಲಿಸಿದಳು.

"ನಾ ಕೇಳಿ ಒಯ್ದಿದ್ದೆನಲ್ರಿ. ನನ್ನವು ಹೆಂಗ ಬದುಕಿದುವು?"

ಹೊರಗೆ ಬಸ್ಸೊಂದು ಹಾರ್ನು ಹೊಡೆದು ಹೋಯಿತು. ವೀರಭದ್ರಮ್ಮ ಪರದೆಯ ಕಡೆ ನೋಡುತ್ತ ಹೇಳಿದಳು:

"ನೀ ಕೇಳಿದ್ದು ನನಗ ನೆನಪದ. ಪ್ರತಿ ಸಲ ಕೇಳ್ತಿದ್ದಿ."

ಮರೆತಿರಬಹುದು ಎಂದು ಮೌನೇಶ್ವರಿ ಎಷ್ಟೋ ರಾತ್ರಿ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ವಯಸ್ಸಾಯಿತು, ಮರೆತಿದ್ದಾಳೆ ಎಂದು. ಮರೆತಿರಲಿಲ್ಲ. ಎಲ್ಲ ನೆನಪಿಟ್ಟುಕೊಂಡೇ ಊರೂರಿಗೆ 'ಕಳ್ಳಿ' ಎಂದು ಸಾರಿದ್ದಳು. ಮೌನೇಶ್ವರಿಗೆ ಆ ಹೊತ್ತು ಬಂದ ಸಿಟ್ಟಿನಲ್ಲಿ ಮಣ್ಣಲ್ಲಿ ಬಿದ್ದಿದ್ದ ಎಲೆಯನ್ನು ತಂದು ಆಕೆಯ ಸೊಂಟದ ಇನ್ನೊಂದು ಮಗ್ಗುಲಿಗೂ ಒರೆಸಬೇಕು ಅನ್ನಿಸಿತು. ಅದರ ಬದಲು ಅಂಬರೀಶನ ನಂಬರು ಒತ್ತಿ, ಸ್ಪೀಕರು ಹಾಕಿ, ಫೋನನ್ನು ಹೊಲಿಗೆ ಯಂತ್ರದ ಮೇಲೆ ಇಟ್ಟಳು.

"ಹೇಳ್ರಿ. ಹೇಳೂತನಕ ಎಡಗೈ ಹಂಗ ಇರ್ಲಿ."

ಎಡಗೈ ಇಡೀ ಉರಿಯುತ್ತಿತ್ತು. ಅಂಬರೀಶ ಎತ್ತಿದ.

"ಅಂಬರೀಶಾ, ನಾನಪ್ಪ, ನಿಮ್ಮತ್ತಿ. ಆ ಮಾನ್ವಿ ಹುಡುಗಿ ಏನೂ ಕದ್ದಿಲ್ಲ." ಅಭ್ಯಾಸ ಬಲ ನೋಡಿ, ವೀರಭದ್ರಮ್ಮನ ದನಿ ತಾನಾಗಿಯೇ ಮೇಲೆದ್ದಿತು. "ನಾನ ಕೊಟ್ಟಿದ್ದೆ. ಪಾಪ, ಬಡವ್ರ ಕೂಸು, ನಾಕು ಕಾಳು ಗಳಸ್ಲಿ ಅಂತ ದಾನ ಮಾಡಿದ್ದೆ. ಅದು ಮರ್ತು ಹೋಗಿತ್ತು ನೋಡು."

"ಅಯ್ಯ, ಇಷ್ಟ ಹೌದಲ್ಲತ್ತಿ! ಮೊದಲ ಹೇಳಬಾರದಾ?" ಅಂಬರೀಶನ ದನಿ ಹಗುರಾಯಿತು. "ಹಂಗಾದ್ರ ಆ ಕಲ್ಲಿನ್ಯಾಗ ಮ್ಯಾಲ ನಿನ್ನ ಹೆಸರು ಹಾಕಸೂಣು. 'ಗಿಡಗಳ ದಾನಿಗಳು' ಅಂತ. ಆಕಿದು ಕೆಳಗ ಇರ್ಲಿ."

ವೀರಭದ್ರಮ್ಮನ ಮುಖದಲ್ಲಿ, ಆ ಉರಿಯ ನಡುವೆಯೂ, ಒಂದು ಚೂರು ಕಳೆ ಬಂತು. ಕಳವಿನ ಹೆಸರು ಹೋಯಿತು, ಸರಿ. ಅದರ ಜಾಗದಲ್ಲಿ ಉಪಕಾರದ ಹೊರೆ ಬಂದು ಕೂರುತ್ತಿತ್ತು, ಅದೂ ಅಳಿಸದ ಕಲ್ಲಿನಲ್ಲಿ. ಗೋಪಮ್ಮ ಬೆರಳಾಡಿಸಬೇಕಾದ ಜಾಗದ ಮೇಲೆ ಈ ಹೆಂಗಸು! ಮೌನೇಶ್ವರಿ ಚಿಮಟವನ್ನು ಮೇಜಿನ ಮೇಲೆ ಕುಕ್ಕಿದಳು.

"ದಾನ ಅಲ್ಲ," ಎಂದಳು. "ಏನಂತ ಒಗದ್ರಿ, ಅದನ್ನ ಹೇಳ್ರಿ."

"ಹೇಳಿದೆನಲ್ಲ, ಕದ್ದಿಲ್ಲಂತ."

"ನಿಮ್ಮ ಬಾಯಾಗ ಅವತ್ತು ಯಾವ ಮಾತು ಇತ್ತು, ಅದ ಮಾತು ಬೇಕು ನನಗ."

"ಏನು ಗದ್ದಲ ಅತ್ತಿ?" ಎಂದಿತು ಫೋನು.

ವೀರಭದ್ರಮ್ಮ ಹುಮೇರಾಳ ಕಡೆ ನೋಡಿದಳು. ಹುಮೇರಾ ಸೂಜಿಗೆ ದಾರ ಪೋಣಿಸುತ್ತ ಕೂತಳು. ಎಡಗೈ ಉರಿ ಏರುತ್ತಲೇ ಇತ್ತು.

"ಕಸ," ಎಂದಳು ವೀರಭದ್ರಮ್ಮ, ಪಿಸುಗುಟ್ಟಿದ ಹಾಗೆ.

"ಕೇಳವಲ್ದತ್ತಿ?"

"ಕಸ ಅಂತ ಒಗದಿದ್ದೆನೋ! ದಾನ-ಗೀನ ಏನೂ ಮಾಡಿಲ್ಲ. ಕಸದ ಬುಟ್ಟ್ಯಾಗ ಹಾಕಂದಿದ್ದೆ. ಆಕಿ ಕೇಳಿ ಒಯ್ದಾಳ, ಆಕೀನ ಬೆಳಸ್ಯಾಳ." ಉಸಿರು ಎಳೆದುಕೊಂಡಳು. "ಕಲ್ಲಿನ್ಯಾಗ ನನ್ನ ಹೆಸರು ಹಾಕಬ್ಯಾಡ."

ಅಂಬರೀಶ, "ಆತು. ಸೋಮವಾರ ಕಮಿಟಿಗೆ ಬರಾಕ ಹೇಳು ಆಕಿಗೆ. ಕಲ್ಲು ಮೊದಲಿನಂಗ ಇರ್ತದ," ಎಂದು ಫೋನು ಇಟ್ಟ.

ಮೌನೇಶ್ವರಿಗೆ ಸಂತೋಷವಾಯಿತು. ಸುಳ್ಳೇಕೆ ಹೇಳಬೇಕು, ಅದರಲ್ಲಿ ಅರ್ಧ ಕಲ್ಲಿನದು, ಅರ್ಧ ಆ ಉರಿಯುವ ಕೈಯದು. ಅವಳು ಚಿಮಟ ಎತ್ತಿಕೊಂಡು ಎಡಗೈ ಹಿಡಿದಳು. ಈ ಸಲ ನೋಯದ ಹಾಗೆ, ಒಂದು ಗಂಟೆ ಕೂತು ಕಿತ್ತಳು.

ಎಲ್ಲ ಮುಗಿದು ಹೊರಗೆ ಬಂದಾಗ ಆ ಎಲೆ ಇನ್ನೂ ಗೇಟಿನ ಹತ್ತಿರ ಮಣ್ಣಿನಲ್ಲೇ ಬಿದ್ದಿತ್ತು. ವೀರಭದ್ರಮ್ಮ ಕಾರಿನ ಕಡೆ ಎರಡು ಹೆಜ್ಜೆ ಇಟ್ಟಳು, ನಿಂತಳು. ಆಕೆ ಸೋತಿದ್ದಳು, ನಾಚಿದ್ದಳು, ಮೌನೇಶ್ವರಿಯನ್ನು ಮೊದಲಿಗಿಂತ ಹೆಚ್ಚು ದ್ವೇಷಿಸುತ್ತಿದ್ದಳು. ಆದರೂ ಕಣ್ಣು ಆ ಹಳದಿ ಚುಕ್ಕೆಯ ಎಲೆಯನ್ನು ಬಿಡಲಿಲ್ಲ.

"ಇದು ಬದುಕಬೇಕಂದ್ರ ಏನ್ ಬೇಕು?" ಎಂದು ಕೇಳಿದಳು. ಆರು ವರ್ಷದಲ್ಲಿ ಆಕೆ ಅವಳನ್ನು ಏನಾದರೂ ಕೇಳಿ ತಿಳಿದುಕೊಂಡದ್ದು ಇದೇ ಮೊದಲು.

ಮೌನೇಶ್ವರಿ ಬಾಗಿ, ಎರಡು ಕಡ್ಡಿಯಿಂದ ಎಲೆಯನ್ನು ಎತ್ತಿ, ಹಳೆ ಪತ್ರಿಕೆಯಲ್ಲಿ ಸುತ್ತಿ, ಕಾರಿನ ಬಾನೆಟ್ಟಿನ ಮೇಲೆ ಇಟ್ಟಳು. ಕೈಗೆ ಕೊಡಲಿಲ್ಲ.

"ಎಂಟು ದಿನ ಹಂಗ ನೆರಳಾಗ ಒಣಗಾಕ ಬಿಡ್ರಿ, ಗಾಯ ಮಾಯ್ಲಿ. ಆಮ್ಯಾಲ ಬೂದಿ, ಮರಳು, ಇಟ್ಟಂಗಿ ಚೂರಿನ್ಯಾಗ ಊರ್ರಿ. ಎರಿ ಮಣ್ಣು ಬ್ಯಾಡ. ಹದಿನೈದು ದಿನ ಒಂದು ಹನಿ ನೀರೂ ಬ್ಯಾಡ. ಹಾಲು ಬ್ಯಾಡ, ಪೂಜಿ ಬ್ಯಾಡ, ದಿನಾ ಹೋಗಿ ಮಾತಾಡ್ಸೋದೂ ಬ್ಯಾಡ."

"ಅಷ್ಟ?"

"ಇನ್ನೊಂದದ ರೀ. ಆರು ವರ್ಷ ಆ ಸುಡು ಮಾಳಗಿ ಮ್ಯಾಲ ನಾನು ಉಂಡೀನೋ ಇಲ್ಲೋ, ನೀವು ಒಂದಿನ ಕೇಳಲಿಲ್ಲ. ಇದನ್ನೂ ಹಂಗ ನೋಡ್ಕೋರಿ. ಬದುಕ್ತದ."

ವೀರಭದ್ರಮ್ಮ ಬಾನೆಟ್ಟಿನ ಮೇಲಿನ ಪೊಟ್ಟಣವನ್ನು ತಾನೇ ಎತ್ತಿಕೊಂಡು ಕಾರಿನೊಳಗೆ ಕೂತಳು.